ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡ್ ಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ, ರೇಂಜಿಗೆ ಹೋಗುವ ಹವ್ಯಾಸ ಹಚ್ಚಿಕೊಂಡು, ಈಗ ಸ್ವಂತ ಎಆರ್-15 ರೈಫಲ್ ಜೋಡಿಸಲು ಹೊರಟ ಕನ್ನಡಿಗರು ಕೇಳುವ ಪ್ರಶ್ನೆಗಳಿವು. ಬ್ಯಾರೆಲ್ ಬಗ್ಗೆ, ಟ್ರಿಗರ್ ಬಗ್ಗೆ ತಿಂಗಳುಗಟ್ಟಲೆ ಓದುವವರೂ ಹ್ಯಾಂಡ್‌ಗಾರ್ಡ್, ಅಂದರೆ ಬ್ಯಾರೆಲ್ ಸುತ್ತ ಕೂರುವ, ಮುಂದಿನ ಕೈಯಲ್ಲಿ ಹಿಡಿಯುವ ಕವಚದ ವಿಷಯಕ್ಕೆ ಬಂದಾಗ ಫೋಟೋ ನೋಡಿ ಆರ್ಡರ್ ಮಾಡಿಬಿಡುತ್ತಾರೆ. ಪೆಟ್ಟಿಗೆ ಬಂದ ಮೇಲೆ ಗ್ಯಾಸ್ ಬ್ಲಾಕ್ (ಬ್ಯಾರೆಲ್ಲಿನಿಂದ ಸ್ವಲ್ಪ ಅನಿಲವನ್ನು ಹೊರಕ್ಕೆ ತಿರುಗಿಸುವ ತುಂಡು) ಒಳಗೆ ಹಿಡಿಯುವುದಿಲ್ಲ, ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಕೂರುವುದಿಲ್ಲ, ನಟ್ ತಿರುಗಿಸುವ ವ್ರೆಂಚ್ ಕೈಯಲ್ಲಿಲ್ಲ. ಹ್ಯಾಂಡ್‌ಗಾರ್ಡ್ ಅಂದರೆ ಅಳತೆಯ ವಿಷಯ. ಅಳತೆ ಸರಿಯಿದ್ದರೆ ಉಳಿದದ್ದು ನಿಮ್ಮ ಇಷ್ಟ.

ಫ್ರೀ-ಫ್ಲೋಟ್ ಅಂದರೆ ನಿಜಕ್ಕೂ ಏನು?

1950ರ ದಶಕದ ಕೊನೆಯಲ್ಲಿ ಆರ್ಮಲೈಟ್ ಕಂಪನಿಯ ಯೂಜೀನ್ ಸ್ಟೋನರ್ ಮತ್ತು ಸಂಗಡಿಗರು ರೂಪಿಸಿದ ಎಆರ್-15 ರೈಫಲ್‌ನಲ್ಲಿ ಹ್ಯಾಂಡ್‌ಗಾರ್ಡ್ ಎರಡು ಹೋಳಾಗಿ ಬರುತ್ತದೆ. ಹಿಂದಿನ ತುದಿಯನ್ನು ಸ್ಪ್ರಿಂಗ್ ಇರುವ ಒಂದು ಉಂಗುರ ಹಿಡಿದುಕೊಳ್ಳುತ್ತದೆ. ಅದಕ್ಕೆ ಡೆಲ್ಟಾ ರಿಂಗ್ ಅನ್ನುತ್ತಾರೆ. ಮುಂದಿನ ತುದಿ ಫ್ರಂಟ್ ಸೈಟ್‌ನ (ಮುಂದಿನ ಗುರಿಕಡ್ಡಿಯ) ಹಿಂದೆ, ಬ್ಯಾರೆಲ್ಲಿಗೇ ಕೂರಿಸಿದ ತಗಡಿನ ಕ್ಯಾಪ್‌ನೊಳಗೆ ಸೇರುತ್ತದೆ. ಅಂದರೆ ನಿಮ್ಮ ಎಡಗೈಯ ಭಾರ, ಬೈಪಾಡ್‌ನ (ಎರಡು ಕಾಲಿನ ಆಧಾರದ) ಒತ್ತಡ, ಸ್ಲಿಂಗ್‌ನ (ಹೆಗಲ ಪಟ್ಟಿಯ) ಎಳೆತ ಎಲ್ಲವೂ ಆ ಕ್ಯಾಪ್ ಮೂಲಕ ನೇರವಾಗಿ ಬ್ಯಾರೆಲ್ಲಿನ ಮೇಲೆ ಬೀಳುತ್ತವೆ.

ಫ್ರೀ-ಫ್ಲೋಟ್ ಹ್ಯಾಂಡ್‌ಗಾರ್ಡ್ ಹಿಂದಿನ ತುದಿಯಲ್ಲಿ ಮಾತ್ರ, ಅಪ್ಪರ್ ರಿಸೀವರ್ (ರೈಫಲ್‌ನ ಒಡಲಿನ ಮೇಲರ್ಧ) ಕಡೆಗೆ, ಬ್ಯಾರೆಲ್ ನಟ್‌ಗೆ ಬಿಗಿಯಾಗಿ ಕೂರುತ್ತದೆ. ಅಲ್ಲಿಂದ ಮುಂದೆ ಬ್ಯಾರೆಲ್ ಸುತ್ತ ಗಾಳಿಯೇ. ಗ್ಯಾಸ್ ಬ್ಲಾಕ್ ಮತ್ತು ಅನಿಲವನ್ನು ರಿಸೀವರ್‌ಗೆ ಒಯ್ಯುವ ಗ್ಯಾಸ್ ಟ್ಯೂಬ್ ಬಿಟ್ಟರೆ ಬ್ಯಾರೆಲ್ಲಿಗೆ ಬೇರೇನೂ ತಾಗಬಾರದು.

ಇದನ್ನು ಹಾಕಿದರೆ ಗುರಿ ಎಷ್ಟು ಸುಧಾರಿಸುತ್ತದೆ?

ಈ ಪ್ರಶ್ನೆಗೆ ಅಂಗಡಿಯವರು ಕೊಡುವ ಉತ್ತರ ಬೇರೆ, ಗುರಿಹಲಗೆ ಕೊಡುವ ಉತ್ತರ ಬೇರೆ. ಬೆಂಚಿನ ಮೇಲೆ ಮರಳಿನ ಚೀಲಕ್ಕೆ ಆನಿಸಿ, ಪ್ರತಿ ಸಲ ಒಂದೇ ಜಾಗದಲ್ಲಿ ಇಟ್ಟು ಹೊಡೆದರೆ ಮಾಮೂಲಿ ಪ್ಲಾಸ್ಟಿಕ್ ಹ್ಯಾಂಡ್‌ಗಾರ್ಡ್ ಇರುವ ರೈಫಲ್ ಕೂಡ ಒಳ್ಳೆಯ ಗ್ರೂಪ್ (ಹತ್ತಿರ ಹತ್ತಿರ ಬಿದ್ದ ಗುಂಡುಗಳ ಗುಂಪು) ಕೊಡುತ್ತದೆ. ಒತ್ತಡ ಪ್ರತಿ ಸಲ ಒಂದೇ ಆಗಿದ್ದರೆ ಗುಂಡು ಬೀಳುವ ಜಾಗವೂ ಒಂದೇ.

ವ್ಯತ್ಯಾಸ ಕಾಣುವುದು ಒತ್ತಡ ಬದಲಾದಾಗ. ಬೆಂಚಿನಲ್ಲಿ 100 ಗಜಕ್ಕೆ ಝೀರೋ ಮಾಡಿ, ಅಂದರೆ ಗುರಿಯಿಟ್ಟ ಬಿಂದುವಿಗೇ ಗುಂಡು ಬೀಳುವಂತೆ ಸೈಟ್ ಹೊಂದಿಸಿ. ಆಮೇಲೆ ನೆಲದ ಮೇಲೆ ಮಲಗಿ, ಸ್ಲಿಂಗನ್ನು ತೋಳಿಗೆ ಸುತ್ತಿ ಬಿಗಿಯಾಗಿ ಎಳೆದುಕೊಂಡು ಅದೇ ಬಿಂದುವಿಗೆ ಐದು ಗುಂಡು ಹೊಡೆಯಿರಿ. ಎರಡು ಹೋಳಿನ ಹ್ಯಾಂಡ್‌ಗಾರ್ಡ್ ಇರುವ, ತೆಳು ಬ್ಯಾರೆಲ್ಲಿನ ರೈಫಲ್‌ನಲ್ಲಿ ಎರಡನೆಯ ಗ್ರೂಪ್ ಸ್ಲಿಂಗ್ ಎಳೆಯುವ ಕಡೆಗೆ, ಸಾಮಾನ್ಯವಾಗಿ ಕೆಳಕ್ಕೆ, ಕೆಲವು ಇಂಚು ಸರಿದಿರುತ್ತದೆ. ಗ್ರೂಪ್ ಚಿಕ್ಕದೇ ಇರಬಹುದು, ಆದರೆ ಜಾಗ ಬೇರೆ. ಫ್ರೀ-ಫ್ಲೋಟ್ ತಡೆಯುವುದು ಈ ಸರಿಯುವಿಕೆಯನ್ನು.

ಅಮೆರಿಕದ ಸರ್ವಿಸ್ ರೈಫಲ್ ಸ್ಪರ್ಧೆಗಳಲ್ಲಿ ಇದಕ್ಕೊಂದು ಜಾಣ ಪರಿಹಾರ ಬಹಳ ಹಿಂದೆಯೇ ಬಂದಿತ್ತು. ಹೊರಗಿನಿಂದ ರೈಫಲ್ ಸೇನೆಯದ್ದರಂತೆಯೇ ಕಾಣಬೇಕು ಎಂಬ ನಿಯಮವಿದ್ದದ್ದರಿಂದ, ಮಾಮೂಲಿ ಹ್ಯಾಂಡ್‌ಗಾರ್ಡ್‌ನ ಒಳಗೆ ಒಂದು ಲೋಹದ ಕೊಳವೆ ಅಡಗಿಸಿ, ಸ್ಲಿಂಗನ್ನು ಆ ಕೊಳವೆಗೆ ಕಟ್ಟುತ್ತಿದ್ದರು. ಹೊರಗೆ ಹಳೇ ವೇಷ, ಒಳಗೆ ಬ್ಯಾರೆಲ್ ಸ್ವತಂತ್ರ. ಸ್ಲಿಂಗ್ ಬಿಗಿದು 600 ಗಜ ಹೊಡೆಯುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು: ಕಳಪೆ ಬ್ಯಾರೆಲ್ಲನ್ನು ಯಾವ ಹ್ಯಾಂಡ್‌ಗಾರ್ಡೂ ಒಳ್ಳೆಯದು ಮಾಡುವುದಿಲ್ಲ. ದುಡ್ಡು ಸೀಮಿತವಾಗಿದ್ದರೆ ಮೊದಲು ಬ್ಯಾರೆಲ್, ಆಮೇಲೆ ಅಭ್ಯಾಸಕ್ಕೆ ಗುಂಡು, ಆಮೇಲೆ ಇದು.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಜೋಡಿಸಬಹುದೇ?

ಇದನ್ನು ಕೊನೆಗೆ ಬಿಡದೆ ಇಲ್ಲೇ ಹೇಳುವುದು ಒಳ್ಳೆಯದು, ಯಾಕೆಂದರೆ ನಮ್ಮವರಲ್ಲಿ ಬಹಳ ಮಂದಿ ಇದೇ ವೀಸಾದಲ್ಲಿರುವುದು. ಅಮೆರಿಕದ ಫೆಡರಲ್ ಕಾನೂನಿನಲ್ಲಿ, 922ನೇ ಕಲಮಿನ (ಜಿ)(5) ಉಪಕಲಮಿನ ಪ್ರಕಾರ, ನಾನ್-ಇಮಿಗ್ರಂಟ್ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಎಚ್-1ಬಿ, ಎಚ್-4, ಎಫ್-1, ಎಲ್-1 ಎಲ್ಲವೂ ಇದರಲ್ಲಿ ಬಂತು. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅವುಗಳಲ್ಲಿ ಮುಖ್ಯವಾದದ್ದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲ.

ಹ್ಯಾಂಡ್‌ಗಾರ್ಡ್ ಕೊಳ್ಳಲು ಯಾರೂ ಗುರುತಿನ ಚೀಟಿ ಕೇಳುವುದಿಲ್ಲ, ಅಂಚೆಯಲ್ಲಿ ಮನೆಗೇ ಬರುತ್ತದೆ. ಎಆರ್-15ರಲ್ಲಿ ಕಾನೂನು ಬಂದೂಕು ಎಂದು ಲೆಕ್ಕ ಹಿಡಿಯುವುದು ಸೀರಿಯಲ್ ನಂಬರ್ ಇರುವ ಲೋವರ್ ರಿಸೀವರನ್ನು. ಹಾಗಂತ ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಹಾಕುತ್ತ ಹೋಗಿ ಕೊನೆಗೆ ಲೋವರ್ ಹತ್ತಿರ ಸಿಕ್ಕಿಹಾಕಿಕೊಳ್ಳಬೇಡಿ. ಇದು ಜೈಲಾಗುವ ಅಪರಾಧ, ವೀಸಾಕ್ಕೂ ಗ್ರೀನ್ ಕಾರ್ಡ್ ಅರ್ಜಿಗೂ ಕುತ್ತು. ಮೊದಲು ವಕೀಲರನ್ನು ಕೇಳಿ, ಆಮೇಲೆ ಕಾರ್ಟ್ ತುಂಬಿಸಿ.

ಎಷ್ಟು ಉದ್ದದ್ದು ತೆಗೆದುಕೊಳ್ಳಲಿ?

ಎರಡು ಅಳತೆ ಕೈಯಲ್ಲಿರಲಿ: ಬ್ಯಾರೆಲ್ಲಿನ ಉದ್ದ ಮತ್ತು ಗ್ಯಾಸ್ ಸಿಸ್ಟಮ್‌ನ ಉದ್ದ, ಅಂದರೆ ರಿಸೀವರ್‌ನಿಂದ ಗ್ಯಾಸ್ ಬ್ಲಾಕ್‌ವರೆಗಿನ ದೂರ. ಗ್ಯಾಸ್ ಸಿಸ್ಟಮ್ ಸ್ಥೂಲವಾಗಿ ನಾಲ್ಕು ಬಗೆ. ಪಿಸ್ತೂಲ್ ಸುಮಾರು 4 ಇಂಚು, ಕಾರ್ಬೈನ್ 7, ಮಿಡ್-ಲೆಂಗ್ತ್ 9, ರೈಫಲ್ 12. ಹ್ಯಾಂಡ್‌ಗಾರ್ಡ್ ಗ್ಯಾಸ್ ಬ್ಲಾಕ್‌ನ ಹಿಂದೆಯೇ ನಿಲ್ಲಬೇಕು, ಇಲ್ಲವೇ ಅದನ್ನು ಪೂರ್ತಿ ಮುಚ್ಚಿ ಮುಂದಕ್ಕೆ ಹೋಗಬೇಕು. ನಡುವೆ ಅರ್ಧಂಬರ್ಧ ನಿಂತರೆ ತುದಿ ಗ್ಯಾಸ್ ಬ್ಲಾಕ್‌ಗೆ ತಾಗುವ ಸಂಭವ ಉಂಟು.

ಬ್ಯಾರೆಲ್ಲಿನ ಉದ್ದವನ್ನು ಅಳೆಯುವುದು ಮುಚ್ಚಿದ ಬೋಲ್ಟ್‌ನ (ಗುಂಡಿನ ಹಿಂದೆ ಬ್ಯಾರೆಲ್ ಮುಚ್ಚುವ ತುಂಡಿನ) ಮುಖದಿಂದ. ಹಾಗಾಗಿ ಅದರಲ್ಲಿ ಅರ್ಧ ಇಂಚಿಗೂ ಮಿಕ್ಕಿದ ಭಾಗ ರಿಸೀವರ್ ಒಳಗೇ ಇರುತ್ತದೆ. 16 ಇಂಚಿನ ಬ್ಯಾರೆಲ್ಲಿಗೆ 15 ಇಂಚಿನ ಹ್ಯಾಂಡ್‌ಗಾರ್ಡ್ ಹಾಕಿದರೆ ಹೊರಗೆ ಒಂದು ಇಂಚು ಉಳಿಯುತ್ತದೆ ಎಂದು ಲೆಕ್ಕ ಹಾಕಿದವರಿಗೆ ಉಳಿಯುವುದು ಅರ್ಧ ಇಂಚಿಗೂ ಕಡಿಮೆ. ಬೆಂಕಿಯ ಮಿಂಚು ತಗ್ಗಿಸಲು ಮೂತಿಗೆ ಹಾಕುವ ಫ್ಲ್ಯಾಶ್ ಹೈಡರ್‌ನ ಬುಡ ಹ್ಯಾಂಡ್‌ಗಾರ್ಡ್‌ಗೆ ಅಂಟಿಕೊಂಡಂತೆ ಕೂರುತ್ತದೆ, ವ್ರೆಂಚ್ ತೂರಿಸಲು ಜಾಗವಿರುವುದಿಲ್ಲ. ಸಪ್ರೆಸರ್ ಹಾಕುವ ಯೋಚನೆ ಇದ್ದರಂತೂ ಅದರ ಹಿಂಭಾಗದ ವ್ಯಾಸವನ್ನೂ ಹ್ಯಾಂಡ್‌ಗಾರ್ಡ್‌ನ ಒಳವ್ಯಾಸವನ್ನೂ ಅಳೆದೇ ಮುಂದುವರಿಯಬೇಕು. ಒದೆತ ತಗ್ಗಿಸಲು ಪಕ್ಕಕ್ಕೆ ರಂಧ್ರವಿರುವ ಮಝಲ್ ಬ್ರೇಕ್ ಆದರೆ ಬಿಸಿ ಅನಿಲ ಹ್ಯಾಂಡ್‌ಗಾರ್ಡ್‌ನ ತುದಿಗೇ ಬಡಿದು ಮಸಿ ಕಟ್ಟುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, 16 ಇಂಚಿನ ಮಿಡ್-ಲೆಂಗ್ತ್ ಬ್ಯಾರೆಲ್ಲಿಗೆ 13ರಿಂದ 13.5 ಇಂಚು ಸರಿಯಾದ ಜೋಡಿ. ಕೈ ಚಾಚಿ ಹಿಡಿಯಲು ಸಾಕಷ್ಟು ಜಾಗ, ಮುಂದೆ ಹೆಚ್ಚಿನ ಭಾರ ಇಲ್ಲ, ಮೂತಿಯ ಕೆಲಸಕ್ಕೆ ತೊಂದರೆಯಿಲ್ಲ. 18 ಇಂಚಿನ, ರೈಫಲ್ ಗ್ಯಾಸ್ ಇರುವ ಬ್ಯಾರೆಲ್ಲಿಗೆ 15 ಇಂಚು ಚೆನ್ನ.

16 ಇಂಚಿಗಿಂತ ಗಿಡ್ಡ ಬ್ಯಾರೆಲ್ಲಿಗೆ ಭುಜಕ್ಕೆ ಆನಿಸುವ ಸ್ಟಾಕ್ ಸೇರಿಸಿದರೆ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆಕ್ಟ್ ಅಡಿ ಮೊದಲೇ ಅನುಮತಿ ಮತ್ತು ನೋಂದಣಿ ಬೇಕು. ಉದ್ದದ ಹ್ಯಾಂಡ್‌ಗಾರ್ಡ್ ಹಾಕಿ ಬ್ಯಾರೆಲ್ ಮುಚ್ಚಿದರೆ ಆ ಅಳತೆ ಬದಲಾಗುವುದಿಲ್ಲ.

ನನ್ನ ಬ್ಯಾರೆಲ್ಲಿಗೆ ತ್ರಿಕೋನದ ಫ್ರಂಟ್ ಸೈಟ್ ಇದೆ. ಅದನ್ನು ತೆಗೆಯಲೇಬೇಕೇ?

ಉದ್ದ ಹ್ಯಾಂಡ್‌ಗಾರ್ಡ್ ಬೇಕಿದ್ದರೆ ಹೌದು. ಫ್ರಂಟ್ ಸೈಟನ್ನು ಎರಡು ಟೇಪರ್ ಪಿನ್‌ಗಳು (ಒಂದು ತುದಿ ಸಣ್ಣ, ಇನ್ನೊಂದು ದಪ್ಪ) ಹಿಡಿದಿರುತ್ತವೆ. ಟೇಪರ್ ಆದದ್ದರಿಂದ ಅವು ಒಂದೇ ದಿಕ್ಕಿಗೆ ಹೊರಬರುತ್ತವೆ, ಉಲ್ಟಾ ಬಡಿದರೆ ಇನ್ನೂ ಬಿಗಿಯಾಗುತ್ತವೆ. ಈ ಫ್ರಂಟ್ ಸೈಟಿನ ಬುಡವೇ ಗ್ಯಾಸ್ ಬ್ಲಾಕ್ ಆಗಿರುವುದರಿಂದ ಆಮೇಲೆ ಆ ಜಾಗಕ್ಕೆ ತಗ್ಗಿನ ಗ್ಯಾಸ್ ಬ್ಲಾಕ್ ಹಾಕಬೇಕು. ಕೆಲಸ ಬೇಡವೆನಿಸಿದರೆ 7 ಇಂಚಿನ, ಫ್ರಂಟ್ ಸೈಟ್‌ನ ಹಿಂದೆಯೇ ನಿಲ್ಲುವ ಫ್ರೀ-ಫ್ಲೋಟ್ ಕೂಡ ಸಿಗುತ್ತದೆ. ಇದು ಕಾರ್ಬೈನ್ ಗ್ಯಾಸ್‌ನ ಬ್ಯಾರೆಲ್ಲಿಗೆ.

ಗ್ಯಾಸ್ ಬ್ಲಾಕ್ ಒಳಗೆ ಹಿಡಿಯುತ್ತದೆಯೇ ಎಂದು ಮೊದಲೇ ಹೇಗೆ ತಿಳಿಯುವುದು?

ಬ್ಯಾರೆಲ್ಲಿನ ಮೇಲೆ ಗ್ಯಾಸ್ ಬ್ಲಾಕ್ ಕೂರುವ ಜಾಗದ ವ್ಯಾಸ ಸಾಮಾನ್ಯವಾಗಿ 0.750 ಇಂಚು. ತೀರ ತೆಳು ಬ್ಯಾರೆಲ್ಲಿಗೆ 0.625, ದಪ್ಪನೆಯ ಬುಲ್ ಬ್ಯಾರೆಲ್ಲಿಗೆ 0.936. ಬ್ಲಾಕ್ ಕೂರಿಸಿದ ಮೇಲೆ ಅದರ ತಳದಿಂದ ತಲೆಯವರೆಗೆ ಎಷ್ಟು ಎತ್ತರ ಎಂದು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಹೊಂದಿಸಬಲ್ಲ ಗ್ಯಾಸ್ ಬ್ಲಾಕ್‌ಗಳಲ್ಲಿ ಕೆಲವು ಮಾಮೂಲಿಗಿಂತ ಎತ್ತರ. ಇತ್ತೀಚಿನ ತೆಳು ಹ್ಯಾಂಡ್‌ಗಾರ್ಡ್‌ಗಳ ಒಳಗೆ ಅವು ಉಜ್ಜುತ್ತವೆ. ಉಜ್ಜಿದರೆ ಫ್ರೀ-ಫ್ಲೋಟ್ ಎಂಬ ಹೆಸರಷ್ಟೇ ಉಳಿಯಿತು. ಅಳವಡಿಸಿದ ಮೇಲೆ ಅದರ ಸ್ಕ್ರೂ ತಿರುಗಿಸಲು ಮುಂದಿನಿಂದಲೋ ಪಕ್ಕದ ಸೀಳಿನಿಂದಲೋ ಅಲೆನ್ ಕೀ ಹೋಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಎಂ-ಲಾಕ್, ಕೀಮಾಡ್, ಪಿಕಟಿನಿ: ಯಾವುದು?

ಎಂ-ಲಾಕ್. ಮೂರೂ ಹ್ಯಾಂಡ್‌ಗಾರ್ಡ್ ಮೇಲೆ ಬೈಪಾಡ್, ಟಾರ್ಚ್‌ನಂಥ ಬಿಡಿಭಾಗ ಕೂರಿಸುವ ಪದ್ಧತಿಗಳು. ಹೊಸದಾಗಿ ಕೊಳ್ಳುವವರಿಗೆ ಬೇರೆ ಉತ್ತರ ಕೊಡಲು ಈಗ ಕಾರಣವೇ ಇಲ್ಲ.

ಪಿಕಟಿನಿ ಹಳೆಯದು, ಗಟ್ಟಿಯಾದದ್ದು, 1995ರಲ್ಲಿ ಮಿಲಿಟರಿ ಮಾನದಂಡವಾಯಿತು. ನಾಲ್ಕೂ ಕಡೆ ಹಲ್ಲು ಇರುವ ಕ್ವಾಡ್ ರೈಲ್ ಭಾರ, ಕೈಗೆ ಒರಟು. ಅಮೆರಿಕ ಸೇನೆಯ ಎಂ4 ರೈಫಲ್ ಜತೆ ಬಂದ ನೈಟ್ಸ್ ಆರ್ಮಮೆಂಟ್‌ನ ಕ್ವಾಡ್ ರೈಲ್ ನೋಡಲು ಗಟ್ಟಿಮುಟ್ಟಾದರೂ ಫ್ರೀ-ಫ್ಲೋಟ್ ಅಲ್ಲ, ಅದೂ ಮುಂದಿನ ಕ್ಯಾಪ್‌ಗೇ ಸಿಕ್ಕಿಕೊಳ್ಳುತ್ತದೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಕ್ವಾಡ್ ರೈಲ್ ಅಂದಮಾತ್ರಕ್ಕೆ ಫ್ರೀ-ಫ್ಲೋಟ್ ಎಂದುಕೊಳ್ಳಬೇಡಿ. ಕೀಮಾಡ್ 2012ರಲ್ಲಿ ಬಂತು, ಕೆಲವು ವರ್ಷ ಚೆನ್ನಾಗಿ ಓಡಿತು. ಮ್ಯಾಗ್‌ಪುಲ್ ಕಂಪನಿ 2014ರಲ್ಲಿ ಎಂ-ಲಾಕ್ ತಂದಿತು. ಅಮೆರಿಕದ ವಿಶೇಷ ಕಾರ್ಯಾಚರಣೆ ಪಡೆಗಳಿಗಾಗಿ ಕ್ರೇನ್ ಎಂಬ ಊರಿನ ನೌಕಾಪಡೆ ಕೇಂದ್ರ ಈ ಪದ್ಧತಿಗಳನ್ನು ಪರೀಕ್ಷಿಸಿದಾಗ ಎಂ-ಲಾಕ್ ಮುಂದೆ ಬಂತು, ಮಾರುಕಟ್ಟೆಯೂ ಅತ್ತಲೇ ಹೊರಳಿತು. ಈಗ ಬೈಪಾಡ್, ಸ್ಲಿಂಗ್ ಮೌಂಟ್, ಟಾರ್ಚ್ ಎಲ್ಲವೂ ಮೊದಲು ಬರುವುದು ಎಂ-ಲಾಕ್‌ನಲ್ಲಿ.

ಒಂದು ಎಚ್ಚರಿಕೆ. ಎಂ-ಲಾಕ್ ಬಿಡಿಭಾಗದ ಸ್ಕ್ರೂ ಮತ್ತು ಅದರ ಟಿ-ನಟ್ ಹ್ಯಾಂಡ್‌ಗಾರ್ಡ್‌ನ ಒಳಕ್ಕೆ ಚಾಚುತ್ತವೆ. ತೆಳು ಹ್ಯಾಂಡ್‌ಗಾರ್ಡ್, ದಪ್ಪ ಬ್ಯಾರೆಲ್ ಆದರೆ ಉದ್ದ ಸ್ಕ್ರೂವಿನ ತುದಿ ಬ್ಯಾರೆಲ್ಲಿಗೇ ಮುಟ್ಟಬಹುದು. ಬೈಪಾಡ್ ಹಾಕಿದ ಮೇಲೆ ಝೀರೋ ಓಡಾಡುತ್ತಿದ್ದರೆ ನಾನು ಮೊದಲು ನೋಡುವುದು ಇದನ್ನೇ.

ಅಲ್ಯೂಮಿನಿಯಮ್ಮೋ ಕಾರ್ಬನ್ ಫೈಬರ್ರೋ?

ಬಹುಪಾಲು ಹ್ಯಾಂಡ್‌ಗಾರ್ಡ್‌ಗಳು 6061-ಟಿ6 ಅಲ್ಯೂಮಿನಿಯಮ್‌ನವು, ಮೇಲೆ ಗಡಸು ಆನೋಡೈಸಿಂಗ್. ಇಷ್ಟು ಸಾಕು. 7075-ಟಿ6 ಇನ್ನೂ ಬಲವಾದ ಮಿಶ್ರಲೋಹ, ಆದರೆ ಹ್ಯಾಂಡ್‌ಗಾರ್ಡ್‌ನ ಗಟ್ಟಿತನ ನಿರ್ಧಾರವಾಗುವುದು ಲೋಹದ ಹೆಸರಿಗಿಂತ ಹೆಚ್ಚಾಗಿ ಅದು ನಟ್ ಮೇಲೆ ಎಷ್ಟು ಉದ್ದಕ್ಕೆ ಕೂರುತ್ತದೆ ಎಂಬುದರಿಂದ. ಕಾರ್ಬನ್ ಫೈಬರ್ ಹಗುರ, ಕೈಗೆ ಬೇಗ ಬಿಸಿ ತಾಗುವುದಿಲ್ಲ, ಮಿನೆಸೋಟದ ಚಳಿಯಲ್ಲಿ ಕೈ ಮರಗಟ್ಟುವುದೂ ಕಡಿಮೆ. ಆದರೆ ಬೆಲೆ ಹೆಚ್ಚು, ಬಿದ್ದು ಬಡಿದರೆ ಅಲ್ಯೂಮಿನಿಯಮ್‌ನಂತೆ ನೆಗ್ಗಿ ಸುಮ್ಮನಾಗದೆ ಬಿರಿಯಬಹುದು.

ತೂಕದ ವಿಷಯದಲ್ಲಿ, 13 ಇಂಚಿನ ತೆಳು ಎಂ-ಲಾಕ್ ಹ್ಯಾಂಡ್‌ಗಾರ್ಡ್ ನಟ್ ಸೇರಿ ಸುಮಾರು 8ರಿಂದ 12 ಔನ್ಸ್. ನಿಂತು ಹೊಡೆಯುವವರಿಗೆ ಮುಂದಿನ ತುದಿಯ ಒಂದೊಂದು ಔನ್ಸ್ ಕೂಡ ತೋಳಿಗೆ ಗೊತ್ತಾಗುತ್ತದೆ. ಬೈಪಾಡ್ ಮೇಲೆ ಮಲಗಿ ಹೊಡೆಯುವವರಿಗೆ ಅದೇ ತೂಕ ಅನುಕೂಲ.

ನಟ್‌ಗೆ ಕೂರುವ ರೀತಿಯಲ್ಲಿ ಏನು ನೋಡಬೇಕು?

ಇಲ್ಲೇ ಒಳ್ಳೆಯ ಹ್ಯಾಂಡ್‌ಗಾರ್ಡ್ ಯಾವುದು, ಅಗ್ಗದ್ದು ಯಾವುದು ಎಂಬುದು ಬಯಲಾಗುವುದು. ಬ್ಯಾರೆಲ್ ನಟ್ ಬ್ಯಾರೆಲ್ಲನ್ನು ರಿಸೀವರ್‌ಗೆ ಬಿಗಿಯುತ್ತದೆ, ಹ್ಯಾಂಡ್‌ಗಾರ್ಡ್ ಆ ನಟ್‌ನ ಮೇಲೆ ತೂರಿ ಕೂರುತ್ತದೆ. ಕೆಲವು ಎರಡು ಕಡೆಯಿಂದ ಕ್ಲ್ಯಾಂಪ್‌ನಂತೆ ಬಿಗಿದುಕೊಳ್ಳುತ್ತವೆ, ಕೆಲವಕ್ಕೆ ಅಡ್ಡ ಬೋಲ್ಟ್‌ಗಳು, ಕೆಲವಕ್ಕೆ ಸುತ್ತ ಸಣ್ಣ ಸ್ಕ್ರೂಗಳು.

ನಟ್ ಉದ್ದವಾಗಿದ್ದಷ್ಟೂ ಹಿಡಿತ ಹೆಚ್ಚು. ಅಂಗಡಿಯಲ್ಲಿ ಜೋಡಿಸಿಟ್ಟ ರೈಫಲ್ ಸಿಕ್ಕರೆ, ಅದು ಖಾಲಿ ಇದೆಯೇ ಎಂದು ನೋಡಿ, ಕೇಳಿಕೊಂಡು, ಹ್ಯಾಂಡ್‌ಗಾರ್ಡ್‌ನ ಮುಂತುದಿಯನ್ನು ಹಿಡಿದು ಪಕ್ಕಕ್ಕೆ ಒತ್ತಿ, ತಿರುಚಿ ನೋಡಿ. ತಿರುಗಬಾರದು. ತಿರುಗದಂತೆ ತಡೆಯಲು ರಿಸೀವರ್‌ನ ಎರಡೂ ಬದಿಗೆ ಒತ್ತಿ ಕೂರುವ ಕಿವಿಗಳು ಇದ್ದರೆ ಒಳ್ಳೆಯದು. ಹ್ಯಾಂಡ್‌ಗಾರ್ಡ್ ಮೇಲೆ ಕಬ್ಬಿಣದ ಸೈಟೋ ಲೇಸರ್ರೋ ಹಾಕುವವರಿಗೆ ಇದು ಬೇಕೇ ಬೇಕು, ಯಾಕೆಂದರೆ ಹ್ಯಾಂಡ್‌ಗಾರ್ಡ್ ಕೂದಲೆಳೆಯಷ್ಟು ತಿರುಗಿದರೂ ಅದರ ಮೇಲಿನ ಸೈಟ್ ಗುರಿ ತಪ್ಪುತ್ತದೆ. ಸ್ಕೋಪ್ ಯಾವತ್ತೂ ರಿಸೀವರ್ ಮೇಲೆಯೇ ಇರಲಿ, ಅರ್ಧ ರಿಸೀವರ್ ಅರ್ಧ ಹ್ಯಾಂಡ್‌ಗಾರ್ಡ್ ಮೇಲೆ ಬೇಡ.

ಎಷ್ಟು ಬಿಗಿಯಬೇಕು?

ಸೇನಾ ಮಾದರಿಯ ಮಾಮೂಲಿ ಬ್ಯಾರೆಲ್ ನಟ್‌ಗೆ 30ರಿಂದ 80 ಫುಟ್-ಪೌಂಡ್ ಟಾರ್ಕ್ (ತಿರುಗಿಸಿ ಬಿಗಿಯುವ ಬಲ). ಇಷ್ಟು ಅಗಲದ ಅಂತರ ಯಾಕೆಂದರೆ ಆ ನಟ್‌ನ ಹಲ್ಲುಗಳ ನಡುವೆ ಗ್ಯಾಸ್ ಟ್ಯೂಬ್ ಹಾದುಹೋಗಬೇಕು. ದಾರಿ ಸರಿಯಾಗಿ ಎದುರು ಬರುವವರೆಗೆ ಬಿಗಿಯುತ್ತ ಹೋಗುವುದು, ಹಿಂದಕ್ಕೆ ಸಡಿಲಿಸಿ ಹೊಂದಿಸುವುದಲ್ಲ. ಫ್ರೀ-ಫ್ಲೋಟ್ ಜತೆ ಬರುವ ಸ್ವಂತ ನಟ್‌ಗಳಲ್ಲಿ ಕೆಲವಕ್ಕೆ ಈ ಹೊಂದಾಣಿಕೆ ಬೇಡ, ಕೆಲವಕ್ಕೆ ತೆಳು ಶಿಮ್ (ಸಂದಿ ತುಂಬುವ ತಗಡಿನ ಉಂಗುರ) ಕೊಟ್ಟಿರುತ್ತಾರೆ. ಅವುಗಳ ಟಾರ್ಕ್ ಅಂಕಿ ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ, ಅದನ್ನೇ ಪಾಲಿಸಿ.

ರಿಸೀವರ್‌ನ ಥ್ರೆಡ್‌ಗೆ ಗ್ರೀಸ್ ಸವರಿ. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವುದು ವಾಡಿಕೆ. ಗ್ರಾಫೈಟ್ ಇರುವ ಗ್ರೀಸ್ ಬೇಡ, ಅಲ್ಯೂಮಿನಿಯಮ್ ಮತ್ತು ಉಕ್ಕು ಸೇರುವ ಜಾಗದಲ್ಲಿ ಅದು ತುಕ್ಕಿಗೆ ದಾರಿ. ನಟ್ಟನ್ನು ಹೇಳಿದಷ್ಟು ಬಿಗಿದು, ಬಿಚ್ಚಿ, ಮತ್ತೆ ಬಿಗಿದು, ಬಿಚ್ಚಿ, ಮೂರನೆಯ ಸಲ ಕೊನೆಯದಾಗಿ ಬಿಗಿಯಿರಿ. ಮೊದಲ ಸಲ ಕಿರುಗುಟ್ಟುತ್ತ ಹೋಗುವ ನಟ್ ಮೂರನೆಯ ಸಲಕ್ಕೆ ನುಣ್ಣಗೆ ಹೋಗುವುದು ಕೈಗೇ ತಿಳಿಯುತ್ತದೆ, ಅಂಕಿಯೂ ಆಗ ನಂಬುವಂತಿರುತ್ತದೆ.

ಹ್ಯಾಂಡ್‌ಗಾರ್ಡ್‌ನ ಸಣ್ಣ ಸ್ಕ್ರೂಗಳಿಗೆ ಅಂಕಿ ಇರುವುದು ಇಂಚ್-ಪೌಂಡ್‌ನಲ್ಲಿ. ಫುಟ್-ಪೌಂಡ್ ಎಂದುಕೊಂಡು ಬಿಗಿದರೆ ಹನ್ನೆರಡು ಪಟ್ಟಾಗುತ್ತದೆ, ಸ್ಕ್ರೂ ತಲೆ ಮುರಿಯುತ್ತದೆ.

ತಾಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ರೈಫಲ್ ಖಾಲಿ ಇದೆಯೇ ಎಂದು ಚೇಂಬರ್ ನೋಡಿ, ಬೆರಳಿಟ್ಟೂ ನೋಡಿ. ಒಂದು ಕಾಗದದ ಪಟ್ಟಿಯನ್ನು ಮುಂತುದಿಯಲ್ಲಿ ಬ್ಯಾರೆಲ್ ಮತ್ತು ಹ್ಯಾಂಡ್‌ಗಾರ್ಡ್ ನಡುವೆ ಸುತ್ತು ಹಾಕಿ, ಎರಡೂ ತುದಿ ಹಿಡಿದು ಹಿಂದಕ್ಕೆ ಗ್ಯಾಸ್ ಬ್ಲಾಕ್‌ವರೆಗೆ ಜಾರಿಸಿ. ಎಲ್ಲೂ ಸಿಕ್ಕಿಕೊಳ್ಳಬಾರದು. ಗ್ಯಾಸ್ ಬ್ಲಾಕ್ ಸುತ್ತ ಟಾರ್ಚ್ ಹಾಕಿ ಸಂದಿಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಆಮೇಲೆ ಬೈಪಾಡ್ ಹಾಕಿ, ರೈಫಲನ್ನು ಮುಂದಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಂದ ಮತ್ತೊಮ್ಮೆ ಕಾಗದ ಜಾರಿಸಿ ನೋಡಿಸಿ. ಸುಮ್ಮನೆ ಇಟ್ಟಾಗ ತಾಗದ್ದು ಭಾರ ಬಿದ್ದಾಗ ತಾಗುವುದುಂಟು.

ಬ್ಯಾರೆಲ್ ನಡುವಿಗೆ ಕೂರದೆ ಒಂದು ಬದಿಗೆ ವಾಲಿದಂತೆ ಕಂಡರೆ ಗಾಬರಿ ಬೇಡ. ಸಂದಿ ಇದ್ದರೆ ಸಾಕು. ಕಣ್ಣಿಗೆ ತೀರ ಎದ್ದು ಕಾಣುವಷ್ಟು ವಾಲಿದ್ದರೆ ರಿಸೀವರ್‌ನ ಮುಂಭಾಗ ಚೌಕವಾಗಿಲ್ಲದಿರಬಹುದು, ಬಂದೂಕು ರಿಪೇರಿ ಬಲ್ಲವರಿಗೆ ತೋರಿಸಿ.

ಇದೇ ಹ್ಯಾಂಡ್‌ಗಾರ್ಡ್ ಎಆರ್-10ಕ್ಕೂ ಆಗುತ್ತದೆಯೇ?

ಇಲ್ಲ. ಎಆರ್-10 ಎನ್ನುವ, .308 ಗುಂಡಿನ ಗಾತ್ರದ ದೊಡ್ಡ ರೈಫಲ್‌ಗಳಲ್ಲಿ ಎಆರ್-15ರಂಥ ಒಂದೇ ಮಾನದಂಡ ಇಲ್ಲ. ಡಿಪಿಎಂಎಸ್ ಕಂಪನಿಯ ಮಾದರಿ ಬೇರೆ, ಆರ್ಮಲೈಟ್ ಮಾದರಿ ಬೇರೆ. ಡಿಪಿಎಂಎಸ್‌ನಲ್ಲೇ ರಿಸೀವರ್‌ನ ಎತ್ತರ ಹೈ, ಲೋ ಎಂದು ಎರಡು ಬಗೆ. ತಪ್ಪಾದರೆ ಮೇಲಿನ ರೈಲ್ ಮೆಟ್ಟಿಲಾಗಿ ನಿಲ್ಲುತ್ತದೆ. ಆದಷ್ಟೂ ಅಪ್ಪರ್ ಮತ್ತು ಹ್ಯಾಂಡ್‌ಗಾರ್ಡ್ ಒಂದೇ ತಯಾರಕರದ್ದು ತೆಗೆದುಕೊಳ್ಳಿ.

ನನ್ನ ರಾಜ್ಯದಲ್ಲಿ ಇದಕ್ಕೆ ಅನುಮತಿ ಇದೆಯೇ?

ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್ ರಾಜ್ಯಗಳಲ್ಲಿ, ಅಂದರೆ ನಮ್ಮವರು ಹೆಚ್ಚಾಗಿ ಇರುವ ಕಡೆಗಳಲ್ಲೇ, ಈ ಬಗೆಯ ರೈಫಲ್ ಮೇಲೆ ಬಿಗಿಯಾದ ಕಾನೂನಿದೆ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾಂಡ್‌ಗಾರ್ಡ್‌ಗೆ ಮುಂದಿನ ಕೈಗೆ ಲಂಬವಾದ ಹಿಡಿ ಸೇರಿಸಿದರೆ ರೈಫಲ್‌ನ ಕಾನೂನು ವರ್ಗವೇ ಬದಲಾಗಬಹುದು. ಇಲಿನಾಯ್‌ನ 2023ರ ಕಾನೂನು ಬ್ಯಾರೆಲ್ ಸುತ್ತಲಿನ ಶ್ರೌಡ್ ಎಂಬ ಕವಚವನ್ನೂ ನಿರ್ಬಂಧಿತ ಲಕ್ಷಣಗಳ ಪಟ್ಟಿಯಲ್ಲಿ ಸೇರಿಸಿದೆ. ಕೋರ್ಟುಗಳಲ್ಲಿ ಮೊಕದ್ದಮೆಗಳು ನಡೆಯುತ್ತಲೇ ಇರುವುದರಿಂದ ಕೊಳ್ಳುವ ದಿನದ ಕಾನೂನು ನೋಡಿ.

ಊರಿಗೆ ಬರುವಾಗ ಅಣ್ಣನಿಗೆ ಒಂದು ತರಬಹುದೇ?

ಬೇಡವೇ ಬೇಡ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಶಸ್ತ್ರ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಸೇರಿವೆ. ಅಮೆರಿಕದ ಕಡೆಯಿಂದಲೂ ಬಂದೂಕಿನ ಭಾಗಗಳಿಗೆ ರಫ್ತು ನಿಯಂತ್ರಣವಿದೆ. ಅಲ್ಲಿ ಅಂಚೆಯಲ್ಲಿ ಬರುವ ಅಲ್ಯೂಮಿನಿಯಮ್ ಕೊಳವೆ ದೇವನಹಳ್ಳಿಯ ಕಸ್ಟಮ್ಸ್‌ನಲ್ಲಿ ಶಸ್ತ್ರದ ಭಾಗ. ಸೂಟ್‌ಕೇಸ್ ಕಟ್ಟುವಾಗ ರೇಂಜ್ ಬ್ಯಾಗಿನ ಮೂಲೆಯಲ್ಲಿ ಬಿಟ್ಟುಹೋದ ಒಂದು ಗುಂಡೂ ಇರದಂತೆ ಝಾಡಿಸಿ ನೋಡಿ.

ಕೊಡಗಿನ ಮನೆಯಲ್ಲಿ .315 ರೈಫಲ್ ಇದೆ. ಅದರ ಮರವನ್ನು ಕೆರೆದು ಫ್ರೀ-ಫ್ಲೋಟ್ ಮಾಡಬಹುದೇ?

ತತ್ವ ಅದೇ, ಆದರೆ ಕೈ ಹಾಕಬೇಡಿ. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ ಬ್ಯಾರೆಲ್ಲಿಗೆ ಒತ್ತುತ್ತದೆ, ಬೇಸಿಗೆಯ ಝೀರೋ ಆಟಿಯಲ್ಲಿ ನಿಲ್ಲುವುದಿಲ್ಲ ಎಂಬುದು ನಿಜ. ಆದರೆ ಭಾರತದ ಆರ್ಡ್ನೆನ್ಸ್ ಕಾರ್ಖಾನೆಯ .315 ಲೀ-ಎನ್‌ಫೀಲ್ಡ್ ವಂಶದ್ದು. ಆ ವಂಶದ ಹಳೆಯ ಸೇನಾ ರೈಫಲ್‌ಗಳಲ್ಲಿ ಮುಂದಿನ ಮರ ಬ್ಯಾರೆಲ್ಲಿಗೆ ಇಂಥಲ್ಲೇ ಇಷ್ಟೇ ಒತ್ತಬೇಕು ಎಂದು ಲೆಕ್ಕವಿಟ್ಟು ಕೂರಿಸುತ್ತಿದ್ದರು. ಅಂದಾಜಿನಲ್ಲಿ ಕೆರೆದರೆ ಇದ್ದ ಗುರಿಯೂ ಹೋಗುತ್ತದೆ. ಪರವಾನಗಿ ಇರುವ ಬಂದೂಕು ರಿಪೇರಿಯವರ ಬಳಿಗೇ ಒಯ್ಯಿರಿ. ಜೋಡುನಳಿಗೆಯ ಕೋವಿಗಂತೂ ಈ ಪ್ರಶ್ನೆಯೇ ಬರುವುದಿಲ್ಲ.

ಜೋಡಿಸಿ ಆಯಿತು. ಇನ್ನೇನು?

ಹೊಸದಾಗಿ ಝೀರೋ ಮಾಡಿ, ಹಳೆಯದನ್ನು ನಂಬಬೇಡಿ. ಪ್ರತಿ ಸ್ಕ್ರೂವಿನ ತಲೆಯಿಂದ ಹ್ಯಾಂಡ್‌ಗಾರ್ಡ್ ಮೇಲಕ್ಕೆ ಪೇಂಟ್ ಪೆನ್ನಿನಲ್ಲಿ ಒಂದು ಸಣ್ಣ ಗೆರೆ ಎಳೆದಿಡಿ. ಮೊದಲ ಒಂದೆರಡು ಸಲ ರೇಂಜಿನಿಂದ ಬಂದ ಮೇಲೆ ಗೆರೆ ಮುರಿದಿದೆಯೇ ನೋಡಿ. ಮುರಿದಿದ್ದರೆ ಸ್ಕ್ರೂ ಸಡಿಲಾಗಿದೆ ಎಂದರ್ಥ. ಬಿಚ್ಚಿ, ಥ್ರೆಡ್ ಒರೆಸಿ, ತಯಾರಕರು ಬೇಡ ಎನ್ನದಿದ್ದರೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ, ಹೇಳಿದ ಇಂಚ್-ಪೌಂಡ್‌ಗೆ ಮತ್ತೆ ಬಿಗಿಯಿರಿ.